ಹಂಚಿಹೋದ ಮೇಲೆ ಉಳಿಯುವ ಹಣ: ಆದವಾನಿ ಪುರಸಭೆಯ ಆಯವ್ಯಯ

ಬೇಸಿಗೆಯಲ್ಲಿ ತುಂಗಭದ್ರಾ ಕೆಳಮಟ್ಟದ ಕಾಲುವೆಗೆ ನೀರು ನಿಂತಿತೆಂದರೆ ಆದವಾನಿಯ ವಾರ್ಡ್ ಸದಸ್ಯರ ಮನೆಯ ಮುಂದೆ ಕೊಡಗಳು ಬಂದು ನಿಲ್ಲುತ್ತವೆ. ಕಾಲುವೆ ಅವರದಲ್ಲ. ಅಣೆಕಟ್ಟು ಹೊಸಪೇಟೆಯ ಬಳಿ ಇದೆ, ನೀರಿನ ಹಂಚಿಕೆ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗಲೂ ಇಲ್ಲಿನ ಸದಸ್ಯರು ಮಾಡಬಹುದಾದುದು ಏನೂ ಇರಲಿಲ್ಲ. ಆದರೂ ಕೊಡ ಹಿಡಿದವರು ಕೇಳುವುದು ಅವರನ್ನೇ, ಏಕೆಂದರೆ ಕೂಗಿದರೆ ಓಗೊಡುವಷ್ಟು ಹತ್ತಿರ ಇರುವವರು ಅವರೊಬ್ಬರೇ.

ಈ ಪುರಸಭೆ ಇಂದು ನಿನ್ನೆಯದಲ್ಲ. 1865ರಲ್ಲಿ, ಆದವಾನಿಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಅದು ಸ್ಥಾಪನೆಯಾಯಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮನೆಮಾತು ಮಾತ್ರ ಗಡಿಯ ಗೆರೆಯನ್ನು ಕೇಳಿ ಬದಲಾಗಲಿಲ್ಲ. ಇಂದು 42 ವಾರ್ಡುಗಳು, 2011ರ ಜನಗಣತಿಯಂತೆ 1.6 ಲಕ್ಷಕ್ಕೂ ಮಿಕ್ಕ ಜನ. ಹತ್ತಿಯ ಪೇಟೆಯೆಂದು ಹೆಸರಾದ ಊರಿನ ಪುರಸಭೆ ಸಿರಿವಂತವಾಗಿರಬೇಕೆಂದು ಹೊರಗಿನವರು ಊಹಿಸುವುದುಂಟು. ಆದರೆ ಪೇಟೆಯ ವಹಿವಾಟೇ ಬೇರೆ, ಪುರಸಭೆಯ ಪೆಟ್ಟಿಗೆಯೇ ಬೇರೆ.

ಆ ಪೆಟ್ಟಿಗೆಯ ಮುಖ್ಯ ಸ್ವಂತ ಆದಾಯ ಆಸ್ತಿ ತೆರಿಗೆ. ಹಿಂದೆ ಮನೆಯ ವಾರ್ಷಿಕ ಬಾಡಿಗೆಯ ಅಂದಾಜಿನ ಮೇಲೆ ಅದನ್ನು ಲೆಕ್ಕ ಹಾಕುತ್ತಿದ್ದರು. 2020ರ ತಿದ್ದುಪಡಿಯ ತರುವಾಯ, 2021ರ ಏಪ್ರಿಲ್‌ನಿಂದ, ಆಸ್ತಿಯ ಬಂಡವಾಳ ಮೌಲ್ಯವೇ ಆಧಾರ. ವಾಸದ ಮನೆಗೆ ಮೌಲ್ಯದ ಶೇ 0.10ರಿಂದ 0.50, ಇತರ ಕಟ್ಟಡಗಳಿಗೆ ಶೇ 0.20ರಿಂದ 2 ಎಂದು ಮಿತಿ. ಒಂದು ವರ್ಷದಲ್ಲಿ ಶೇ 15ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಇಲ್ಲಿ ಹಾಸಿಗೆಯ ಅಳತೆಯೂ ರಾಜಧಾನಿಯಿಂದಲೇ ಬರುತ್ತದೆ.

ಎರಡನೆಯ ದಾರಿ ಅನುದಾನ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಇಂಥ ಊರುಗಳಿಗೆ ನಿಗದಿಪಡಿಸಿದ ಹಣದಲ್ಲಿ ಶೇ 60ರಷ್ಟನ್ನು ಮೊದಲೇ ಕಟ್ಟಿಹಾಕಿತು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಸದಸ್ಯರು ತಮ್ಮ ಓಣಿಯ ರಸ್ತೆಗೋ ಬೀದಿದೀಪಕ್ಕೋ ಕೇಳಬಹುದಾದುದು ಮಿಕ್ಕ 40ರೊಳಗೆ. ಅದೂ ಚುನಾಯಿತ ಮಂಡಳಿ ಇದ್ದರೆ ಮಾತ್ರ ದೊರೆಯುವ ಹಣ. 2014ರಲ್ಲಿ ಆರಿಸಿಬಂದ ಮಂಡಳಿಯ ಅವಧಿ 2019ರಲ್ಲಿ ಮುಗಿದು, ಮುಂದಿನ ಚುನಾವಣೆ 2021ರ ಮಾರ್ಚ್‌ವರೆಗೆ ನಡೆಯಲಿಲ್ಲ. ವಿಶೇಷಾಧಿಕಾರಿಯ ಆಡಳಿತವೇ ಚೆನ್ನಾಗಿತ್ತು, ಜಗಳವಿರಲಿಲ್ಲ ಎನ್ನುವವರು ಈ ಸಂಗತಿಯನ್ನು ಮರೆಯುತ್ತಾರೆ.

ಕಸದ ಶುಲ್ಕದ ಕಥೆ ಇನ್ನೂ ವಿಚಿತ್ರ. 2021ರಲ್ಲಿ ರಾಜ್ಯದ ನಗರಗಳಲ್ಲಿ ಮನೆಮನೆಯ ಕಸ ಸಂಗ್ರಹಕ್ಕೆಂದು ಬಳಕೆದಾರರ ಶುಲ್ಕ ಬಂತು. 2024ರ ಕೊನೆಗೆ ಸರ್ಕಾರವೇ ಅದನ್ನು ರದ್ದುಮಾಡಿತು. ಹಾಕಿದಾಗ ಬೈಗುಳ ಕೇಳಿದವರು ವಾರ್ಡ್ ಸದಸ್ಯರು, ತೆಗೆದಾಗ ಕೀರ್ತಿ ಪಡೆದವರು ಬೇರೆಯವರು. ಶುಲ್ಕ ಹೋಯಿತೆಂದು ಕಸದ ಗಾಡಿಗೆ ಡೀಸೆಲ್ ಬೇಡವಾಗುತ್ತದೆಯೆ? ಆ ಖರ್ಚು ಎಲ್ಲಿಂದಲಾದರೂ ಬರಲೇಬೇಕು, ಬರುವುದು ಸಾಮಾನ್ಯ ನಿಧಿಯಿಂದಲೇ.

ಕಾರ್ಮಿಕರ ಕೂಲಿ, ವಿದ್ಯುತ್ ಬಿಲ್ಲು, ಪಂಪುಗಳ ದುರಸ್ತಿ ಇವೆಲ್ಲ ಕಳೆದ ಮೇಲೆ ಉಳಿಯುವುದಷ್ಟೇ ಸಭೆಯಲ್ಲಿ ನಿಜವಾಗಿ ಚರ್ಚೆಗೆ ಸಿಗುವ ಹಣ. 42 ಜನ ಅದನ್ನು ಹಂಚಿಕೊಳ್ಳಬೇಕು. ಗಟ್ಟಿಯಾಗಿ ಕೇಳಿದವರ ಓಣಿಗೆ ಮೊದಲು ಸಿಮೆಂಟು ಬೀಳುತ್ತದೆ. ಕೇಳದವರ ಶಾಲೆಯ ಮುಂದೆ ಚರಂಡಿ ತೆರೆದೇ ಇರುತ್ತದೆ. ಇಲ್ಲಿಯೇ ಕನ್ನಡ ಮಾಧ್ಯಮದ ಕುಟುಂಬಗಳು ಹಿಂದೆ ಬೀಳುವುದು. ಪಠ್ಯಪುಸ್ತಕ, ಶಿಕ್ಷಕರ ನೇಮಕ ಪುರಸಭೆಯ ಕೆಲಸವಲ್ಲವೆಂಬುದು ಸರಿ. ಶಾಲೆಗೆ ಹೋಗುವ ದಾರಿ, ದೀಪ, ಕಸ, ನಲ್ಲಿ ಮಾತ್ರ ಅದರ ಕೆಲಸವೇ.

ಇನ್ನೊಂದು ಹಣವಿದೆ, ಅದರ ವಿಷಯದಲ್ಲಿ ಬಿಗಿ ಕಾಲವೆಂಬ ನೆಪ ಸಲ್ಲದು. ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 8 ಪೈಸೆ ಗ್ರಂಥಾಲಯ ಕರವಾಗಿ ವಸೂಲಾಗುತ್ತದೆ. 1960ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಅದನ್ನು ಜಿಲ್ಲಾ ಗ್ರಂಥಾಲಯ ಸಂಸ್ಥೆಗೆ ಒಪ್ಪಿಸಬೇಕು. ಅದು ಪುರಸಭೆಯ ಆದಾಯವೇ ಅಲ್ಲ. ಪುರಸಭೆ ಅದನ್ನು ವಸೂಲು ಮಾಡಿ ದಾಟಿಸುವ ಕೈ ಮಾತ್ರ. ರಾಜ್ಯದ ಅನೇಕ ಸ್ಥಳೀಯ ಸಂಸ್ಥೆಗಳು ಈ ಕರವನ್ನು ಬಾಕಿ ಉಳಿಸಿಕೊಳ್ಳುತ್ತವೆ ಎಂಬುದು ಹಳೆಯ ದೂರು. ಪರರ ಹಣದಿಂದ ತನ್ನ ತಿಂಗಳ ಖರ್ಚು ತೂಗಿಸಿಕೊಳ್ಳುವುದು ಮಿತವ್ಯಯವಲ್ಲ, ನಂಬಿಕೆದ್ರೋಹ. ಕನ್ನಡ ಮನೆಗಳೂ ಈ 8 ಪೈಸೆಯನ್ನು ಕಟ್ಟುತ್ತವೆ. ಆದುದರಿಂದ ಗ್ರಂಥಾಲಯದ ಕಪಾಟಿನಲ್ಲಿ ಕನ್ನಡ ಮಕ್ಕಳ ಪುಸ್ತಕ ಕೇಳುವುದು ಭಿಕ್ಷೆಯಲ್ಲ.

ಕೇಳುವ ಭಾಷೆಯ ಬಗ್ಗೆ ಹಲವರಿಗೆ ಅಳುಕಿದೆ. ಸಂವಿಧಾನದ 350ನೆಯ ಅನುಚ್ಛೇದವು, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಚರಂಡಿಯ ಅರ್ಜಿಯನ್ನು ಕನ್ನಡದಲ್ಲಿಯೇ ಬರೆದು ಕೊಡಬಹುದು. ಉತ್ತರವೂ ಕನ್ನಡದಲ್ಲಿಯೇ ಬರಬೇಕೆಂದು ಆ ಅನುಚ್ಛೇದ ಹೇಳುವುದಿಲ್ಲ. ತೆಲುಗಿನ ಪ್ರತಿಯೊಂದನ್ನು ಜೊತೆಗಿಟ್ಟರೆ ಕೆಲಸ ಬೇಗ ಸಾಗೀತು. 2005ರ ಮಾಹಿತಿ ಹಕ್ಕಿನ ಅರ್ಜಿಯ ನಿಯಮ ಬೇರೆ: ಅದು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಒಪ್ಪಿಸಲಾಯಿತು ಎಂಬ ಪ್ರಶ್ನೆಯನ್ನು ತೆಲುಗಿನಲ್ಲಿ ಬರೆಯುವುದೇ ಕ್ಷೇಮ. 30 ದಿನಗಳೊಳಗೆ ಉತ್ತರ ಬರಬೇಕು. ಹೊಸ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಮೊದಲಾಗುವುದರಿಂದ, ಸಂಕ್ರಾಂತಿ ಕಳೆದ ಕೂಡಲೇ ಅರ್ಜಿ ಕೊಟ್ಟರೆ ಆಯವ್ಯಯದ ಸಭೆಗೆ ಮುಂಚೆ ಆ ಅಂಕಿಗಳು ವಾರ್ಡ್ ಸದಸ್ಯರ ಕೈ ಸೇರಬಹುದು.