ಬಾಕ್ಸ್ 3 ಲೆಕ್ಕಕ್ಕೆ ಕ್ಲೌಡ್ ಡೇಟಾಬೇಸ್: ಹೇಗೆ ಹೊಂದಿಸುವುದು, ಎಷ್ಟು ಖರ್ಚು, ಯಾರಿಗೆ ಬೇಕು?

ನೆದರ್‌ಲ್ಯಾಂಡ್ಸ್‌ನಲ್ಲಿ ಇದ್ದುಕೊಂಡು ಭಾರತದಲ್ಲಿ ಮ್ಯೂಚುವಲ್ ಫಂಡ್, ಎಫ್‌ಡಿ ಇಟ್ಟುಕೊಂಡಿರುವ ನಮ್ಮಂಥವರಿಗೆ ಈಗ ಒಂದು ಹೊಸ ಕೆಲಸ ಬಂದಿದೆ: ದಾಖಲೆ ಇಡುವುದು. ಲಾಭ ಆಯಿತೋ ಇಲ್ಲವೋ ಎಂದು ತಿಳಿಯಲು ಅಷ್ಟೇ ಅಲ್ಲ, ಆಗದ ಲಾಭಕ್ಕೆ ತೆರಿಗೆ ಕಟ್ಟದೇ ಇರಲು. ವೂರ್‌ಬರ್ಗ್‌ನ ನಮ್ಮ ಮನೆಯ ಲೆಕ್ಕವನ್ನು ನಾನು ಎಕ್ಸೆಲ್‌ನಿಂದ ಕ್ಲೌಡ್ ಡೇಟಾಬೇಸ್‌ಗೆ ವರ್ಗಾಯಿಸಿದ್ದು ಇದೇ ಕಾರಣಕ್ಕೆ. ಅದನ್ನು ಹೊಂದಿಸುವಾಗ ಯಾವ ಆಯ್ಕೆಗೆ ಎಷ್ಟು ಬೆಲೆ ತೆರಬೇಕು ಎಂಬುದನ್ನು ಹಣಕಾಸಿನ ಕಣ್ಣಿನಿಂದ ನೋಡೋಣ.

ಮೊದಲು, ಏಕೆ ಬೇಕು?

ಡಚ್ ಆದಾಯ ತೆರಿಗೆಯಲ್ಲಿ ಉಳಿತಾಯ, ಹೂಡಿಕೆಗಳು ಬಾಕ್ಸ್ 3ಕ್ಕೆ ಬರುತ್ತವೆ. ಜನವರಿ 1ರಂದು ನಿಮ್ಮ ಬಳಿ ಎಷ್ಟಿತ್ತು ಎಂದು ನೋಡಿ, ಅದರ ಮೇಲೆ ಇಷ್ಟು ಆದಾಯ ಬಂದಿರಬೇಕು ಎಂದು ಸರ್ಕಾರವೇ ಊಹಿಸಿ ತೆರಿಗೆ ಹಾಕುತ್ತದೆ. ಶೇರು, ಫಂಡ್‌ಗಳಂಥ ಆಸ್ತಿಗೆ ಈ ಊಹೆಯ ದರ 2024ಕ್ಕೆ ಶೇ. 6.04, 2025ಕ್ಕೆ ಶೇ. 5.88. ಎರಡೂ ವರ್ಷ ತೆರಿಗೆಯ ದರ ಶೇ. 36. ವಿನಾಯಿತಿ ಮಿತಿ 2025ಕ್ಕೆ ಒಬ್ಬರಿಗೆ 57,684 ಯೂರೊ.

2024ರ ಜೂನ್ 6ರಂದು ಡಚ್ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಿಮ್ಮ ನಿಜವಾದ ಆದಾಯ ಈ ಊಹೆಗಿಂತ ಕಡಿಮೆ ಇದ್ದರೆ, ನಿಜವಾದ ಆದಾಯದ ಮೇಲೆ ಮಾತ್ರ ತೆರಿಗೆ. ಆದರೆ ಅದನ್ನು ತೋರಿಸಿಕೊಡುವ ಹೊಣೆ ನಿಮ್ಮದೇ. ಮಾರದೇ ಇಟ್ಟುಕೊಂಡ ಫಂಡಿನ ಏರಿಳಿತವೂ ಲೆಕ್ಕಕ್ಕೆ ಬರುತ್ತದೆ, ಹಾಗೂ ಬಾಕ್ಸ್ 3ರ ಎಲ್ಲ ಆಸ್ತಿಯನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.

ಒಂದು ಉದಾಹರಣೆ ನೋಡಿ, ಅಂಕಿಗಳು ನಾನು ಇಟ್ಟುಕೊಂಡವು. ವರ್ಷದ ಆರಂಭದಲ್ಲಿ ಫಂಡಿನ ಬೆಲೆ 18,00,000 ರೂಪಾಯಿ, ಯೂರೊಗೆ 90 ರೂಪಾಯಿ. ಅಂದರೆ 20,000 ಯೂರೊ. ವರ್ಷದಲ್ಲಿ ಫಂಡ್ ಶೇ. 8 ಬೆಳೆದು 19,44,000 ಆಯಿತು. ಅಷ್ಟರಲ್ಲಿ ಯೂರೊ 99 ರೂಪಾಯಿಗೆ ಏರಿತು. ಈಗ ಅದು 19,636 ಯೂರೊ. ರೂಪಾಯಿಯಲ್ಲಿ ಲಾಭ, ಯೂರೊದಲ್ಲಿ 364ರ ನಷ್ಟ. ಶೇ. 5.88ರ ಊಹೆಯಂತೆ ಮಾತ್ರ ನಿಮಗೆ 1,176 ಯೂರೊ ಆದಾಯ ಬಂದಿದೆ! ವಿನಾಯಿತಿ ಮಿತಿಯನ್ನು ಬೇರೆ ಆಸ್ತಿಯೇ ತಿಂದುಹಾಕಿದ್ದರೆ ಇದರ ಮೇಲಿನ ತೆರಿಗೆ 423 ಯೂರೊ.

ಇದು ಒಂದೇ ಸಲ ಹಾಕಿದ ಹಣದ ಮಾತು. ತಿಂಗಳಿಗೆ ನಾಲ್ಕು ಎಸ್‌ಐಪಿ ಇದ್ದರೆ ವರ್ಷಕ್ಕೆ 48 ಖರೀದಿ, ಪ್ರತಿಯೊಂದಕ್ಕೂ ಆ ದಿನದ ವಿನಿಮಯ ದರ ಬೇಕು. ಶೇ. 30ರ ರೂಲಿಂಗ್ ಇದ್ದ ಕಾರಣ ಇಷ್ಟು ದಿನ ಬಾಕ್ಸ್ 3ರ ಗೊಡವೆ ಇಲ್ಲದವರೂ ಈಗ ಗಮನಿಸಬೇಕು. ಆ ಸೌಲಭ್ಯ 2025ರ ಜನವರಿ 1ರಿಂದ ರದ್ದಾಗಿದೆ. 2023ರ ಕೊನೆಯಲ್ಲಿ ರೂಲಿಂಗ್ ಪಡೆಯುತ್ತಿದ್ದವರಿಗೆ ಮಾತ್ರ 2026ರ ಕೊನೆಯವರೆಗೆ ಅವಕಾಶ.

ಇನ್ನೊಂದು ಅಂಕಿ ನೆನಪಿಡಿ: 12. ವಿದೇಶದಲ್ಲಿರುವ ಆಸ್ತಿಯ ವಿಷಯದಲ್ಲಿ ಡಚ್ ತೆರಿಗೆ ಇಲಾಖೆ 12 ವರ್ಷ ಹಿಂದಿನವರೆಗೂ ಮರುಲೆಕ್ಕ ಕೇಳಬಹುದು. ನಮ್ಮ ಭಾರತದ ಫಂಡು ಇವರಿಗೆ ವಿದೇಶಿ ಆಸ್ತಿ.

ಎಕ್ಸೆಲ್ ಸಾಲದೇ?

ಎರಡು ಎಫ್‌ಡಿ, ಒಂದು ಫಂಡ್ ಇದ್ದವರಿಗೆ ಎಕ್ಸೆಲ್ ಧಾರಾಳ ಸಾಕು. ಇಲ್ಲಿಗೆ ಓದು ನಿಲ್ಲಿಸಿದರೂ ನಷ್ಟವಿಲ್ಲ. ತೊಂದರೆ ಶುರುವಾಗುವುದು ಸಾಲುಗಳು ಸಾವಿರ ದಾಟಿದಾಗ. ಭಾರತದ ಸ್ಟೇಟ್‌ಮೆಂಟ್‌ನಲ್ಲಿ 1,23,456.78 ಎಂದಿರುತ್ತದೆ, ಡಚ್ ಬ್ಯಾಂಕಿನ ಫೈಲಿನಲ್ಲಿ 123.456,78. ಇಲ್ಲಿ ಚುಕ್ಕೆ ಸಾವಿರಕ್ಕೆ, ಅಲ್ಪವಿರಾಮ ದಶಮಾಂಶಕ್ಕೆ. ಎಕ್ಸೆಲ್ ಇದನ್ನು ತನಗೆ ತೋಚಿದಂತೆ ಓದಿಕೊಳ್ಳುತ್ತದೆ, ತಪ್ಪಾದರೂ ಕೂಗಿ ಹೇಳುವುದಿಲ್ಲ. ಡೇಟಾಬೇಸ್ ಹಾಗಲ್ಲ. ಈ ಕಾಲಂನಲ್ಲಿ ದಿನಾಂಕ ಮಾತ್ರ, ಇಲ್ಲಿ ಸಂಖ್ಯೆ ಮಾತ್ರ ಎಂದು ಹೇಳಿಟ್ಟರೆ ಬೇರೆಯದನ್ನು ಒಳಗೆ ಬಿಡುವುದಿಲ್ಲ.

ಮ್ಯಾನೇಜ್ಡ್ ಡೇಟಾಬೇಸ್ ಎಂದರೆ ಸರ್ವರ್ ನೋಡಿಕೊಳ್ಳುವ ಕೆಲಸವನ್ನು ಬಾಡಿಗೆಗೆ ಕೊಡುವುದು. ಸಾಫ್ಟ್‌ವೇರ್ ಹಾಕುವುದು, ಪ್ಯಾಚ್ ಮಾಡುವುದು, ದಿನವೂ ಬ್ಯಾಕಪ್ ತೆಗೆಯುವುದು ಅವರ ಪಾಲು. ಒಳಗೆ ಏನಿಡಬೇಕು, ಯಾರನ್ನು ಬಿಡಬೇಕು ಎಂಬುದು ನಮ್ಮ ಪಾಲು. ಅಮೆಜಾನ್‌ನ ಆರ್‌ಡಿಎಸ್, ಗೂಗಲ್‌ನ ಕ್ಲೌಡ್ ಎಸ್‌ಕ್ಯೂಎಲ್, ಮೈಕ್ರೋಸಾಫ್ಟ್‌ನ ಅಜೂರ್ ಮೂರರಲ್ಲೂ ಪೋಸ್ಟ್‌ಗ್ರೆಸ್ ಸಿಗುತ್ತದೆ. ಇಲ್ಲಿ ಆರ್‌ಡಿಎಸ್ ಉದಾಹರಣೆ ಕೊಡುತ್ತೇನೆ.

ಹೊಂದಿಸುವ ಕ್ರಮ

1. ಬಜೆಟ್ ಎಚ್ಚರಿಕೆ. ಡೇಟಾಬೇಸ್‌ಗೂ ಮೊದಲು ಇದು. ತಿಂಗಳಿಗೆ 25 ಡಾಲರ್ ದಾಟಿದರೆ ಮೇಲ್ ಬರಲಿ ಎಂದು ಹೇಳಿಡಿ. ಇದು ಎಚ್ಚರಿಸುತ್ತದೆ ಅಷ್ಟೇ, ತಾನಾಗಿ ಖರ್ಚು ನಿಲ್ಲಿಸುವುದಿಲ್ಲ.

2. ಜಾಗ. ಅಮೆಜಾನ್‌ಗೆ ಫ್ರಾಂಕ್‌ಫರ್ಟ್ ನಮಗೆ ಅನುಕೂಲ. ನೆದರ್‌ಲ್ಯಾಂಡ್ಸ್‌ನಲ್ಲೇ ಇರಲಿ ಎಂದರೆ ಗೂಗಲ್‌ಗೆ ಏಮ್ಸ್‌ಹಾವನ್‌ನಲ್ಲಿ ಕೇಂದ್ರವಿದೆ. ಮುಂಬೈ ಕೂಡ ಇದೆ, ಆದರೆ ಲೆಕ್ಕ ಕೇಳುವವರು ಇಲ್ಲಿರುವಾಗ ಡೇಟಾ ಯುರೋಪಿಯನ್ ಕಾನೂನಿನ ಅಡಿಯಲ್ಲೇ ಇರುವುದು ಸರಳ.

3. ಆವೃತ್ತಿ. ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಗೆ ಸುಮಾರು 5 ವರ್ಷ ಬೆಂಬಲ. ಅವಧಿ ಮುಗಿದ ಮೇಲೂ ಹಳೆಯದರಲ್ಲೇ ಉಳಿದರೆ ಅಮೆಜಾನ್ ವಿಸ್ತೃತ ಬೆಂಬಲದ ಹೆಸರಿನಲ್ಲಿ ಹೆಚ್ಚಿನ ಶುಲ್ಕ ಹಾಕುತ್ತದೆ. ಹೊಸ ಆವೃತ್ತಿಯಿಂದಲೇ ಶುರು ಮಾಡಿ.

4. ಗಾತ್ರ. ಟಿ4ಜಿ ಮೈಕ್ರೊ: 2 ವರ್ಚುವಲ್ ಸಿಪಿಯು, 1 ಜಿಬಿ ಮೆಮೊರಿ. ಮನೆಯ ಲೆಕ್ಕಕ್ಕೆ ಇದೇ ಹೆಚ್ಚು. ಡಿಸ್ಕ್ 20 ಜಿಬಿ ಸಾಕು. ಡಿಸ್ಕ್ ದೊಡ್ಡದು ಮಾಡುವುದು ಸುಲಭ, ಅದೇ ಇನ್‌ಸ್ಟನ್ಸ್‌ನಲ್ಲಿ ಚಿಕ್ಕದು ಮಾಡಲು ಆಗುವುದಿಲ್ಲ. ತಾನಾಗಿ ಬೆಳೆಯುವ ಆಯ್ಕೆ ಇಟ್ಟರೆ ಮೇಲ್ಮಿತಿಯನ್ನೂ ಹಾಕಿ.

5. ಎನ್‌ಕ್ರಿಪ್ಶನ್. ಸೃಷ್ಟಿಸುವಾಗಲೇ ಆನ್ ಇರಲಿ. ಆಮೇಲೆ ಬೇಕೆಂದರೆ ಸ್ನಾಪ್‌ಶಾಟ್ ತೆಗೆದು, ಎನ್‌ಕ್ರಿಪ್ಟ್ ಮಾಡಿ ನಕಲಿಸಿ, ಅದರಿಂದ ಹೊಸ ಡೇಟಾಬೇಸ್ ಎಬ್ಬಿಸಬೇಕು.

6. ಹೊರಗಿನ ಪ್ರವೇಶ. ಪಬ್ಲಿಕ್ ಆಕ್ಸೆಸ್ ಬೇಡ ಎಂದು ಇಡುವುದು ಸುರಕ್ಷಿತ, ಆದರೆ ಆಗ ಮನೆಯ ಲ್ಯಾಪ್‌ಟಾಪ್‌ನಿಂದ ಸೇರಲು ವಿಪಿಎನ್‌ನಂಥ ದಾರಿ ಬೇಕು. ಹೊರಗೆ ತೆರೆದೇ ಇಡಬೇಕಾದರೆ 5432 ಪೋರ್ಟನ್ನು ಮನೆಯ ಐಪಿ ವಿಳಾಸಕ್ಕೆ ಮಾತ್ರ ಬಿಡಿ. ಇಡೀ ಜಗತ್ತಿಗೆ ಎಂಬ ಆಯ್ಕೆ ಯಾವ ಕಾರಣಕ್ಕೂ ಬೇಡ. ಸಂಪರ್ಕ ಎಸ್‌ಎಸ್‌ಎಲ್ ಮೂಲಕವೇ ಇರಲಿ.

7. ಬಳಕೆದಾರರು. ಮಾಸ್ಟರ್ ಪಾಸ್‌ವರ್ಡ್‌ನಲ್ಲಿ ದಿನನಿತ್ಯದ ಕೆಲಸ ಮಾಡಬೇಡಿ. ಡೇಟಾ ಹಾಕಲು ಒಂದು ಹೆಸರು, ಬರೀ ಓದಲು ಇನ್ನೊಂದು. ಮನೆಯವರಿಗೆ ಓದುವ ಹೆಸರು ಕೊಟ್ಟಿರಿ. ನಿಮಗೆ ಏನಾದರೂ ಆದರೆ ಲೆಕ್ಕ ಅವರ ಕೈಗೆ ಸಿಗಬೇಕು.

8. ಅಳಿಸದಂತೆ ರಕ್ಷಣೆ. ಡಿಲೀಷನ್ ಪ್ರೊಟೆಕ್ಷನ್ ಆನ್ ಮಾಡಿ, ಉಚಿತ. ಬ್ಯಾಕಪ್ 35 ದಿನಕ್ಕೆ ಇಡಿ, ಅದೇ ಗರಿಷ್ಠ. ಡೇಟಾಬೇಸ್ ಗಾತ್ರದಷ್ಟು ಬ್ಯಾಕಪ್ ಜಾಗಕ್ಕೆ ಬೇರೆ ಶುಲ್ಕವಿಲ್ಲ.

ಒಳಗೆ ಏನಿರಬೇಕು?

ನಾಲ್ಕು ಟೇಬಲ್ ಸಾಕು. ಖಾತೆಗಳು, ವಹಿವಾಟು, ಎನ್‌ಎವಿ, ವಿನಿಮಯ ದರ. ವಹಿವಾಟಿಗೆ ಕ್ಯಾಮ್ಸ್ ಕಳಿಸುವ ಒಟ್ಟು ಸ್ಟೇಟ್‌ಮೆಂಟ್‌ನಿಂದ ಶುರು ಮಾಡಬಹುದು. ಎನ್‌ಎವಿ ಪ್ರತಿದಿನ ಆಂಫಿ ಜಾಲತಾಣದಲ್ಲಿ ಸಿಗುತ್ತದೆ. ಯೂರೊ-ರೂಪಾಯಿ ದರವನ್ನು ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಕೆಲಸದ ದಿನಗಳಲ್ಲಿ ಸಂಜೆ 4ರ ಸುಮಾರಿಗೆ ಪ್ರಕಟಿಸುತ್ತದೆ. ಶನಿವಾರ, ಭಾನುವಾರ, ಜನವರಿ 1 ಈ ದಿನಗಳಿಗೆ ದರ ಇರುವುದಿಲ್ಲ. ಹಾಗಾಗಿ ಆ ದಿನ ದರ ಇಲ್ಲದಿದ್ದರೆ ಹಿಂದಿನ ಕೆಲಸದ ದಿನದ್ದನ್ನು ತೆಗೆದುಕೋ ಎಂಬ ನಿಯಮ ಬರೆದಿಡಿ, ಎಲ್ಲ ವರ್ಷಕ್ಕೂ ಅದನ್ನೇ ಬಳಸಿ. ಹಣದ ಕಾಲಂಗಳಿಗೆ ನ್ಯೂಮೆರಿಕ್ ಬಗೆಯನ್ನೇ ಬಳಸಿ, ಫ್ಲೋಟ್ ಬೇಡ. ಫ್ಲೋಟ್‌ನಲ್ಲಿ 0.1 ಎಂಬುದೂ ನಿಖರವಾಗಿ ಕೂರುವುದಿಲ್ಲ, ಪೈಸೆಗಳು ಸೋರುತ್ತವೆ.

ಲೆಕ್ಕದ ಸೂತ್ರ ಸರಳ: ವರ್ಷಾಂತ್ಯದ ಬೆಲೆಯಿಂದ ವರ್ಷಾರಂಭದ ಬೆಲೆ ಮತ್ತು ನಡುವೆ ಹಾಕಿದ ಹಣ ಕಳೆಯಿರಿ. ತೆಗೆದ ಹಣ, ಬಂದ ಡಿವಿಡೆಂಡ್ ಮತ್ತು ಬಡ್ಡಿ ಕೂಡಿಸಿ. ಎಲ್ಲವೂ ಯೂರೊದಲ್ಲಿ, ಆಯಾ ದಿನದ ದರದಲ್ಲಿ.

ಬಿಲ್ಲು ಎಷ್ಟು ಬರುತ್ತದೆ?

ತಿಂಗಳೆಂದರೆ 730 ಗಂಟೆ ಎಂದು ಇಟ್ಟುಕೊಳ್ಳಿ. ಬೆಲೆಗಳು ಜಾಗದಿಂದ ಜಾಗಕ್ಕೆ ಬದಲಾಗುತ್ತವೆ, ಇಲ್ಲಿ ಅಂದಾಜು ಹಾಕೋಣ.

- ಇನ್‌ಸ್ಟನ್ಸ್: ಗಂಟೆಗೆ 0.018 ಡಾಲರ್ ಎಂದರೆ 13.14
- ಡಿಸ್ಕ್: 20 ಜಿಬಿ, ಜಿಬಿಗೆ 0.13ರಂತೆ 2.60
- ಪಬ್ಲಿಕ್ ಐಪಿ ವಿಳಾಸ: 2024ರ ಫೆಬ್ರವರಿ 1ರಿಂದ ಗಂಟೆಗೆ 0.005 ಡಾಲರ್, ಅಂದರೆ 3.65
- ಪಾಸ್‌ವರ್ಡನ್ನು ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿ ಇಟ್ಟರೆ: 0.40

ಒಟ್ಟು 19.79 ಡಾಲರ್. ಶೇ. 21 ಡಚ್ ವ್ಯಾಟ್ ಸೇರಿದರೆ 23.95. ವರ್ಷಕ್ಕೆ ಸುಮಾರು 287 ಡಾಲರ್.

ಈಗ ಇದನ್ನು ಫಂಡಿನ ಖರ್ಚಿನ ಅನುಪಾತದ ಹಾಗೆ ನೋಡಿ. 20,000 ಯೂರೊ ಹೂಡಿಕೆ ಇದ್ದವರಿಗೆ, ಡಾಲರ್ ಮತ್ತು ಯೂರೊ ಒಂದೇ ಎಂದು ಹಿಡಿದರೂ, ಇದು ವರ್ಷಕ್ಕೆ ಶೇ. 1.4. ಇಂಡೆಕ್ಸ್ ಫಂಡ್ ಆರಿಸಿ ಉಳಿಸಿದ್ದನ್ನೆಲ್ಲ ಇಲ್ಲಿ ಕಳೆದ ಹಾಗೆ. 1,50,000 ಯೂರೊ ಇದ್ದವರಿಗೆ ಶೇ. 0.19, ಒಪ್ಪಬಹುದು. ನಿಜವಾದ ಆದಾಯದ ಲೆಕ್ಕದಲ್ಲಿ ಇಂಥ ಖರ್ಚನ್ನು ಕಳೆಯಲು ಬಿಡುವುದಿಲ್ಲ ಎಂಬುದೂ ನೆನಪಿರಲಿ.

ಕೆಲಸ ಇಲ್ಲದಾಗ ಸ್ಟಾಪ್ ಮಾಡಿದರೆ ಆಯಿತಲ್ಲ ಎನ್ನಬಹುದು. ಆರ್‌ಡಿಎಸ್‌ನಲ್ಲಿ ನಿಲ್ಲಿಸಿದ ಡೇಟಾಬೇಸ್ 7 ದಿನದ ನಂತರ ತಾನಾಗಿ ಮತ್ತೆ ಶುರುವಾಗುತ್ತದೆ, ಮೀಟರ್ ಓಡುತ್ತದೆ. ನಿಂತಿರುವಾಗಲೂ ಡಿಸ್ಕಿನ ಬಾಡಿಗೆ ತಪ್ಪುವುದಿಲ್ಲ. ವರ್ಷಕ್ಕೆ ಎರಡು ತಿಂಗಳು ಮಾತ್ರ ಬಳಸುವವರು ಸ್ನಾಪ್‌ಶಾಟ್ ತೆಗೆದು, ಡೇಟಾಬೇಸ್ ಅಳಿಸಿ, ಬೇಕಾದಾಗ ಸ್ನಾಪ್‌ಶಾಟ್‌ನಿಂದ ಎಬ್ಬಿಸುವುದು ಅಗ್ಗ. ಎನ್‌ಎವಿ, ವಿನಿಮಯ ದರ ಎರಡನ್ನೂ ಹಿಂದಿನ ದಿನಾಂಕಗಳಿಗೆ ಆಮೇಲೂ ತರಿಸಿಕೊಳ್ಳಬಹುದು, ಹಾಗಾಗಿ ನಡುವೆ ಮುಚ್ಚಿದ್ದರೆ ಏನೂ ತಪ್ಪಿಹೋಗುವುದಿಲ್ಲ.

ಮಲ್ಟಿ-ಎಝಡ್ ಬೇಕೇ?

ನಮ್ಮ ವೂರ್‌ಬರ್ಗ್ ರೈಲು ನಿಲ್ದಾಣದ ಪಕ್ಕದಲ್ಲೇ ಹಾಫ್‌ವೈಕ್ ಎಂಬ ಹಳೆಯ ಮನೆ ಇದೆ, ಈಗ ಮ್ಯೂಸಿಯಂ. ಕ್ರಿಸ್ಟಿಯಾನ್ ಹೈಗೆನ್ಸ್ ತನ್ನ ಕೊನೆಯ ವರ್ಷಗಳಲ್ಲಿ ಇದ್ದ ಮನೆ. ಜೂಜಿನ ಲೆಕ್ಕದ ಬಗ್ಗೆ 1657ರಲ್ಲಿ ಪ್ರಕಟವಾದ ಅವನ ಬರಹದಿಂದಲೇ ಇಂದಿನ ನಿರೀಕ್ಷಿತ ಮೌಲ್ಯದ ಕಲ್ಪನೆ ಬೆಳೆದು ಬಂದಿದೆ. ಆಗುವ ಸಾಧ್ಯತೆಯನ್ನು ಆದಾಗಿನ ನಷ್ಟದಿಂದ ಗುಣಿಸಿ, ಬಂದ ಮೊತ್ತವನ್ನು ತಪ್ಪಿಸುವ ಖರ್ಚಿನ ಜೊತೆ ಹೋಲಿಸಿ. ಅಷ್ಟೇ.

ಮಲ್ಟಿ-ಎಝಡ್ ಎಂದರೆ ಇನ್ನೊಂದು ಕಟ್ಟಡದಲ್ಲಿ ಜೋಡಿ ಡೇಟಾಬೇಸ್ ಸಿದ್ಧವಿರುವುದು. ಇನ್‌ಸ್ಟನ್ಸ್, ಡಿಸ್ಕ್ ಎರಡರ ಖರ್ಚೂ ದುಪ್ಪಟ್ಟು. ನಮ್ಮ ಅಂದಾಜಿನಲ್ಲಿ ವರ್ಷಕ್ಕೆ ಇನ್ನೂ 189 ಡಾಲರ್, ವ್ಯಾಟ್ ಬೇರೆ. ಬ್ಯಾಂಕಿಗೆ, ಅಂಗಡಿಗೆ ಬೇಕು. ನಮ್ಮ ಮನೆಯ ಡೇಟಾಬೇಸ್ ಒಂದು ದಿನ ಸಿಗದಿದ್ದರೆ ನಷ್ಟ ಸೊನ್ನೆ, ನಾಳೆ ನೋಡಿದರಾಯಿತು. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಹಾಗಾಗಿ ಬೇಡ.

ಡೇಟಾ ಶಾಶ್ವತವಾಗಿ ಹೋದರೆ ಕಥೆ ಬೇರೆ. 12 ವರ್ಷದ ದಾಖಲೆ ಹೋಯಿತೆಂದರೆ ಆಗುವ ನಷ್ಟ ದೊಡ್ಡದು, ತಡೆಯುವ ಖರ್ಚು ಅತಿ ಚಿಕ್ಕದು. ಅದನ್ನು ಬಿಡಬೇಡಿ.

ಬ್ಯಾಕಪ್ ಬೇರೆ, ದಾಖಲೆ ಬೇರೆ

ಈ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಆರ್‌ಡಿಎಸ್ ಬ್ಯಾಕಪ್‌ನ ಆಯಸ್ಸು 35 ದಿನ, ಪೋಸ್ಟ್‌ಗ್ರೆಸ್ ಆವೃತ್ತಿಯ ಆಯಸ್ಸು 5 ವರ್ಷ, ತೆರಿಗೆ ಇಲಾಖೆಯ ನೆನಪು 12 ವರ್ಷ. ಮೊದಲೆರಡನ್ನು ನಂಬಿ ಮೂರನೆಯದನ್ನು ಎದುರಿಸಲು ಆಗುವುದಿಲ್ಲ. ಕೈಯಿಂದ ತೆಗೆದ ಸ್ನಾಪ್‌ಶಾಟ್ ನೀವು ಅಳಿಸುವವರೆಗೆ ಇರುತ್ತದೆ ನಿಜ, ಆದರೆ ಅದನ್ನು ತೆರೆಯಲು ಅದೇ ಕಂಪನಿಯ ಖಾತೆ ನಡೆಯುತ್ತಿರಬೇಕು, ಬಿಲ್ಲು ಕಟ್ಟುತ್ತಿರಬೇಕು.

ಆದ್ದರಿಂದ ಪ್ರತಿ ಜನವರಿಯ ಮೊದಲ ವಾರ ಒಂದು ಅಭ್ಯಾಸ ಮಾಡಿಕೊಳ್ಳಿ. ನಾಲ್ಕೂ ಟೇಬಲ್‌ಗಳನ್ನು ಸಾದಾ ಸಿಎಸ್‌ವಿ ಫೈಲಿಗೆ ಇಳಿಸಿ. ಡಿಸೆಂಬರ್ 31ರ ಎನ್‌ಎವಿ ಮತ್ತು ವಿನಿಮಯ ದರದಲ್ಲಿ ಪ್ರತಿ ಖಾತೆಯ ಬೆಲೆಯನ್ನು ಪಿಡಿಎಫ್ ಮಾಡಿ, ಬ್ಯಾಂಕು ಮತ್ತು ಫಂಡುಗಳ ಮೂಲ ಸ್ಟೇಟ್‌ಮೆಂಟ್‌ಗಳ ಜೊತೆ ಇಡಿ. ಒಂದು ಪ್ರತಿ ಕ್ಲೌಡಿನಲ್ಲಿ, ಇನ್ನೊಂದು ಮನೆಯ ಡಿಸ್ಕಿನಲ್ಲಿ. ಡೇಟಾಬೇಸ್ ಲೆಕ್ಕ ಹಾಕಿಕೊಡುತ್ತದೆ, ಆದರೆ ಸಾಕ್ಷಿಯಾಗಿ ನಿಲ್ಲುವುದು ಮೂಲ ಸ್ಟೇಟ್‌ಮೆಂಟೇ.

ವರ್ಷಕ್ಕೊಮ್ಮೆ ಬ್ಯಾಕಪ್‌ನಿಂದ ಹೊಸ ಡೇಟಾಬೇಸ್ ಎಬ್ಬಿಸಿ ಮೊತ್ತ ತಾಳೆ ಆಗುತ್ತದೆಯೇ ನೋಡಿ, ಆಮೇಲೆ ಅದನ್ನು ಅಳಿಸಿ. ಒಂದೆರಡು ಗಂಟೆಯ ಬಾಡಿಗೆ ಕೆಲವು ಸೆಂಟು ಅಷ್ಟೇ.

ಹಾಗಾದರೆ ಯಾರಿಗೆ?

ಎರಡು-ಮೂರು ಖಾತೆ ಇದ್ದವರಿಗೆ ಎಕ್ಸೆಲ್. ಸಾಲುಗಳು ಹೆಚ್ಚಿದ್ದು ಒಬ್ಬರೇ ಒಂದೇ ಲ್ಯಾಪ್‌ಟಾಪ್‌ನಲ್ಲಿ ನೋಡುವವರಿಗೆ ಎಸ್‌ಕ್ಯೂಲೈಟ್, ಬಾಡಿಗೆಯೇ ಇಲ್ಲ. ಗಂಡ-ಹೆಂಡತಿ ಇಬ್ಬರ ಹೂಡಿಕೆ, ಎರಡು ದೇಶ, ಎರಡು ಕರೆನ್ಸಿ, ದಿನವೂ ತಾನಾಗಿ ದರ ತುಂಬಬೇಕು ಎನ್ನುವವರಿಗೆ ಮ್ಯಾನೇಜ್ಡ್ ಡೇಟಾಬೇಸ್. ಯಾವುದನ್ನೇ ಆರಿಸಿದರೂ ವರ್ಷದ ಖರ್ಚು ಒಟ್ಟು ಹೂಡಿಕೆಯ ಶೇ. 0.2 ದಾಟದಿರಲಿ ಎಂಬುದು ನನ್ನ ಮಿತಿ.

(ಇದು ತಿಳಿವಳಿಕೆಗಾಗಿ ಬರೆದದ್ದು, ತೆರಿಗೆ ಸಲಹೆ ಅಲ್ಲ. ಭಾರತದಲ್ಲಿ ಮನೆ, ಜಮೀನು ಇದ್ದವರ ಲೆಕ್ಕ ಬೇರೆ. ಅಂಥವರು ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯಿರಿ.)