ಹಿನ್ನೀರಿನ ದಂಡೆಗೆ ಯಾವ ಲೆಕ್ಕಶೀರ್ಷಿಕೆ?

ಬಾಗಲಕೋಟೆ ಜಿಲ್ಲೆಗೆ ಕಡಲಿಲ್ಲ, ಆದರೆ ದಂಡೆಗೇನೂ ಬರವಿಲ್ಲ. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನಿಲ್ಲುವ ನೀರು ಹಿಂದಕ್ಕೆ ಹರಡಿ ಹಳೇ ಬಾಗಲಕೋಟೆಯ ತಗ್ಗು ಓಣಿಗಳನ್ನೇ ನುಂಗಿದೆ. ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ನಾರಾಯಣಪುರ ಜಲಾಶಯದ ಹಿನ್ನೀರು ಬಂದು ಮುಟ್ಟುತ್ತದೆ.

ಈ ದಂಡೆ ನಿಂತಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯ ಹೊತ್ತಿಗೆ ಇಳಿಯುತ್ತ ಹೋದಂತೆ ಕೆಸರುಬಯಲು ತೆರೆದುಕೊಳ್ಳುತ್ತದೆ. ಹೇರಕಲ್, ಚಿಕ್ಕಸಂಗಮದ ಕಡೆ ರಾಜಹಂಸಗಳು ಇಳಿಯುವುದು ಇಂಥ ತೆಳುನೀರಿಗೆ. ಕಾಲಿನಿಂದ ಕೆಸರು ಕಲಕಿ, ತಲೆ ಬಗ್ಗಿಸಿ ಕೊಕ್ಕನ್ನು ತಿರುವುಮುರುವಾಗಿ ಮುಳುಗಿಸಿ, ನಾಲಿಗೆಯನ್ನು ಪಂಪಿನಂತೆ ಆಡಿಸಿ ನೀರು ಹೊರಹಾಕುತ್ತವೆ. ಪಾಚಿ, ಹುಳುಹುಪ್ಪಟೆ ಬಾಯಲ್ಲಿ ಉಳಿಯುತ್ತದೆ. ಕಡಲಂಚಿನ ಉಪ್ಪುನೀರಲ್ಲೂ ಅವು ಮಾಡುವುದು ಇದನ್ನೇ.

ಸರ್ಕಾರಿ ಕಡತದಲ್ಲಿ ಮಾತ್ರ ಎರಡೂ ದಂಡೆ ಒಂದೇ ಅಲ್ಲ. ಕಡಲ ದಂಡೆಗಾಗಿ 2023–24ರ ಕೇಂದ್ರ ಬಜೆಟ್ ‘ಮಿಷ್ಟಿ’ ಯೋಜನೆ ಘೋಷಿಸಿತು. ಐದು ವರ್ಷಗಳಲ್ಲಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾ ಕಾಡು ಬೆಳೆಸುವ, ಉಳಿಸುವ ಗುರಿ ಅದರದು. ಹಣ ಉದ್ಯೋಗ ಖಾತರಿ ಮತ್ತು ಕಾಂಪಾ ನಿಧಿಗಳಿಂದ. ಕಾಂಪಾ ಎಂದರೆ ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಪಡೆದವರು ಕಟ್ಟುವ ಪರಿಹಾರದ ದುಡ್ಡು. ಒಳನಾಡಿನ ಕೆರೆ, ಜೌಗುಗಳಿಗೂ ಕೇಂದ್ರ 60, ರಾಜ್ಯ 40ರ ಪಾಲಿನ ಯೋಜನೆಯಿದೆ. ಆದರೆ 2017ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ ಕಟ್ಟಿದ್ದನ್ನು ಜೌಗುಭೂಮಿಯೆಂದು ಒಪ್ಪುವುದಿಲ್ಲ. ಹಕ್ಕಿಗೆ ಈ ನಿಯಮ ಓದಿ ಹೇಳುವವರು ಯಾರು?

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ನೀರಾವರಿಗೆಂದು ಕಟ್ಟಿದ್ದೇ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಚಳಿಗಾಲ ಕಳೆಯುತ್ತವೆ. 2024ರ ಜನವರಿಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೇ ಆ ಕೆರೆಯೂ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ರಾಮ್ಸಾರ್ ತಾಣಗಳಿಗೆಂದು ಕೇಂದ್ರದ ‘ಅಮೃತ ಧರೋಹರ್’ ಕೂಡ ಇದೆ.

ಆಲಮಟ್ಟಿ ದಂಡೆಯ ಹೆಸರಲ್ಲಿ ಈಗ ಸುದ್ದಿಯಲ್ಲಿರುವ ಮೊತ್ತವೇ ಬೇರೆ. ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಮುಳುಗಡೆಯಾಗುವ ಜಮೀನಿಗೆ ಎಕರೆಗೆ ಖುಷ್ಕಿಯಾದರೆ 30 ಲಕ್ಷ, ನೀರಾವರಿಯಾದರೆ 40 ಲಕ್ಷ ರೂಪಾಯಿ ಕೊಡಲು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಹೊಲ ಕಳೆದುಕೊಳ್ಳುವವರಿಗೆ ಅದು ಸಲ್ಲಬೇಕಾದದ್ದೇ. ನೀರು ಅಷ್ಟು ಏರಿದರೆ ಈಗಿನ ದಂಡೆಯ ಮೇಲೆ ನಾಲ್ಕೂವರೆ ಮೀಟರ್‌ಗೂ ಹೆಚ್ಚು ನೀರು ನಿಲ್ಲುತ್ತದೆ. ಹೊಸ ದಂಡೆಯಲ್ಲಿ ಹಕ್ಕಿ ಇಳಿಯುವಷ್ಟು ತೆಳುನೀರು ಎಲ್ಲೆಲ್ಲಿ ಸಿಕ್ಕೀತೆಂದು ಮೊದಲೇ ಅಳೆದಿಡಲು ಆ ಮೊತ್ತದ ಒಂದು ಚೂರು ಸಾಕು.