ಮೆಸ್ಸಿಯನ್ನು ಕಳುಹಿಸಿದವರು ಯಾರು?

2021ರ ಆಗಸ್ಟ್ 8, ಭಾನುವಾರ. ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಸಭಾಂಗಣದಲ್ಲಿ ಲಯೊನೆಲ್ ಮೆಸ್ಸಿ ಮಾತು ಹೊರಡದೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ದೃಶ್ಯವನ್ನು ಜಗತ್ತೇ ದೂರದರ್ಶನದಲ್ಲಿ ನೋಡಿತು. ನಮ್ಮ ಮನೆಯಲ್ಲಿ ಹತ್ತನೆಯ ಸಂಖ್ಯೆಯ ಅಂಗಿ ತೊಟ್ಟು ಟಿ.ವಿ. ಮುಂದೆ ಕುಳಿತಿದ್ದ ಮೊಮ್ಮಗನೂ ನೋಡಿದ. ಅವನಿಗಾಗ ಒಂಬತ್ತು ವರ್ಷ. ಅತ್ತು ಮುಗಿಸಿದ ಮೇಲೆ ಅವನು ಕೇಳಿದ ಪ್ರಶ್ನೆ ಇದು: ‘ತಾತಾ, ಅವನಿಗೂ ಇರೋಕೆ ಇಷ್ಟ, ಅವರಿಗೂ ಇಟ್ಟುಕೊಳ್ಳೋಕೆ ಇಷ್ಟ. ಮತ್ತೆ ಕಳಿಸಿದ್ದು ಯಾರು?’

‘ನಿಯಮ’ ಎಂದು ನಾನು ಉತ್ತರಿಸಿದೆ. ಮೂರು ದಶಕ ಸರ್ಕಾರಿ ಕಡತಗಳ ನಡುವೆ ಬದುಕಿದವನ ಬಾಯಲ್ಲಿ ಬೇರೇನು ಬಂದೀತು? ಆದರೆ ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಅಂದಿನಿಂದ ಈ ಪ್ರಕರಣದ ವರದಿಗಳನ್ನು, ಹಣಕಾಸಿನ ವಿವರಗಳನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಇದು ಕೇವಲ ಕ್ರೀಡಾ ಪುಟದ ಸುದ್ದಿಯಲ್ಲ, ಸಾರ್ವಜನಿಕ ಹಣಕಾಸಿನ ಬಗ್ಗೆ ಚಿಂತಿಸುವ ಎಲ್ಲರಿಗೂ ಒಂದು ಪಾಠ ಎಂಬುದು ನನ್ನ ಅಭಿಪ್ರಾಯ.

ಮೊದಲು ಒಂದು ಸಂಗತಿ ಗಮನಿಸಬೇಕು. ಬಾರ್ಸಿಲೋನಾ ಕ್ಲಬ್ಬಿಗೆ ಒಬ್ಬ ಧಣಿ ಇಲ್ಲ. 1899ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಒಡೆಯರು ಅದರ ಸದಸ್ಯರೇ. 1990ರಲ್ಲಿ ಸ್ಪೇನ್ ಸರ್ಕಾರ ವೃತ್ತಿಪರ ಕ್ಲಬ್ಬುಗಳೆಲ್ಲ ಷೇರು ಕಂಪನಿಗಳಾಗಬೇಕೆಂದು ಕಾನೂನು ತಂದಾಗ ವಿನಾಯಿತಿ ಪಡೆದದ್ದು ನಾಲ್ಕೇ ಕ್ಲಬ್ಬುಗಳು: ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್, ಬಿಲ್ಬಾವೊ ನಗರದ ಅಥ್ಲೆಟಿಕ್ ಮತ್ತು ಒಸಾಸುನಾ. ವರ್ಷಕ್ಕಿಷ್ಟು ಎಂದು ಚಂದಾ ಕಟ್ಟುವ ಲಕ್ಷಕ್ಕೂ ಮಿಕ್ಕಿದ ಸದಸ್ಯರು ಮತ ಹಾಕಿ ಅಧ್ಯಕ್ಷನನ್ನು ಆರಿಸುತ್ತಾರೆ. ಬೇರೆಡೆ ಅಭಿಮಾನಿಯ ಅಭಿಪ್ರಾಯ ಹೋಟೆಲಿನ ಮೇಜಿನ ಮೇಲಿನ ಹರಟೆ. ಇಲ್ಲಿ ಅದು ಮತಪತ್ರ. ಯಾವ ಆಟಗಾರ ಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಮಾತು ಚುನಾವಣೆಯ ಭರವಸೆಯಾಗುತ್ತದೆ. ಭರವಸೆಯಾದದ್ದು ಮುಂದೆ ಒಪ್ಪಂದವೂ ಆಗುತ್ತದೆ.

ಹಾಗಾದದ್ದು ಹೇಗೆಂದು 2017ರಿಂದ ನೋಡಬೇಕು. ಆ ವರ್ಷ ಆಗಸ್ಟಿನಲ್ಲಿ ನೇಮರ್‌ನನ್ನು ಪ್ಯಾರಿಸ್ಸಿನ ಕ್ಲಬ್ 22.2 ಕೋಟಿ ಯೂರೊ ತೆತ್ತು ಕೊಂಡೊಯ್ದಿತು. ಖಜಾನೆಗೆ ದುಡ್ಡು ಬಂತು, ಅಭಿಮಾನಿಗಳಿಗೆ ಅವಮಾನವಾಯಿತು. ಅಧ್ಯಕ್ಷ ಜೋಸೆಪ್ ಮರಿಯಾ ಬಾರ್ಟೊಮೆಯು ವಿರುದ್ಧ ಅವಿಶ್ವಾಸಕ್ಕೆ ಸಹಿ ಸಂಗ್ರಹ ನಡೆದು, ಸಾಕಷ್ಟು ಸಹಿ ಸಿಗದೆ ನಿಂತುಹೋಯಿತು. ಕುರ್ಚಿ ಅಲುಗಾಡಿದ ಅಧ್ಯಕ್ಷರು ಏನು ಮಾಡಿಯಾರು? ನೇಮರ್ ಹೋದ ತಿಂಗಳಲ್ಲೇ ಡೆಂಬೆಲೆ, 2018ರ ಜನವರಿಯಲ್ಲಿ ಕುಟಿನ್ಯೊ, 2019ರಲ್ಲಿ ಗ್ರೀಜ್‌ಮನ್ ಬಂದರು. ಒಬ್ಬೊಬ್ಬರಿಗೂ ಹತ್ತು ಕೋಟಿ ಯೂರೊಗಿಂತ ಹೆಚ್ಚು ಬೆಲೆ. ಈ ನಡುವೆ 2017ರ ನವೆಂಬರಿನಲ್ಲಿ ಮೆಸ್ಸಿಯ ಒಪ್ಪಂದವೂ ನವೀಕರಣಗೊಂಡಿತು. ನಾಲ್ಕು ವರ್ಷಕ್ಕೆ ಒಟ್ಟು 55.5 ಕೋಟಿ ಯೂರೊವರೆಗೆ ಏರಬಹುದಾದ ಮೊತ್ತವೆಂದು ಸ್ಪೇನಿನ ಪತ್ರಿಕೆಯೊಂದು 2021ರ ಜನವರಿಯಲ್ಲಿ ಬಯಲು ಮಾಡಿತು. ಇದೇ ಆಟಗಾರನಿಗೆ 2000ದ ಡಿಸೆಂಬರಿನಲ್ಲಿ ಕ್ಲಬ್ ಕೊಟ್ಟ ಮೊದಲ ಮಾತು ಒಂದು ಕಾಗದದ ಕರವಸ್ತ್ರದ ಮೇಲೆ ಬರೆದದ್ದಾಗಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಪ್ರತಿಯೊಂದು ಸಹಿಗೂ ಆಯಾ ದಿನ ಚಪ್ಪಾಳೆ ಬಿದ್ದಿತ್ತು. ಹೊಸಬನನ್ನು ನೋಡಲು ಜನ ಕ್ರೀಡಾಂಗಣಕ್ಕೆ ನೆರೆದಿದ್ದರು. ಬಿಡಿಬಿಡಿಯಾಗಿ ನೋಡಿದರೆ ಎಲ್ಲ ನಿರ್ಧಾರಗಳಿಗೂ ಸಮರ್ಥನೆ ಇತ್ತು. ಅವುಗಳನ್ನು ಕೂಡಿಸಿ ನೋಡುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ.

ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೊಷ್ ಕೊರ್ನೈ ‘ಮೃದು ಬಜೆಟ್ ಮಿತಿ’ ಎಂಬ ಪರಿಕಲ್ಪನೆಯೊಂದನ್ನು ಕೊಟ್ಟವರು. ಸಮಾಜವಾದಿ ದೇಶಗಳ ಸರ್ಕಾರಿ ಉದ್ಯಮಗಳು ನಷ್ಟಕ್ಕೆ ಏಕೆ ಅಂಜುವುದಿಲ್ಲ ಎಂಬುದು ಅವರ ಪ್ರಶ್ನೆ. ಮುಳುಗುವ ಹೊತ್ತಿಗೆ ಯಾರಾದರೂ ಕೈಹಿಡಿಯುತ್ತಾರೆ ಎಂಬ ನಂಬಿಕೆಯೇ ಕಾರಣ ಎಂದರು ಅವರು. ಇದು ಫುಟ್‌ಬಾಲ್ ಕ್ಲಬ್ಬುಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಅಭಿಮಾನಿ ಕ್ಲಬ್ ಬದಲಿಸುವುದಿಲ್ಲ. ಬ್ಯಾಂಕು ಅವನ ಭಾವನೆಗೆ ಎದುರು ನಿಲ್ಲಲು ಹಿಂಜರಿಯುತ್ತದೆ. ಅಧ್ಯಕ್ಷನ ಅವಧಿ ಸಾಲದ ಅವಧಿಗಿಂತ ಚಿಕ್ಕದು. ಕೊಟ್ಟವನು ಒಬ್ಬ, ತೀರಿಸುವವನು ಇನ್ನೊಬ್ಬ.

2020ರಲ್ಲಿ ಕೊರೊನಾ ಬಂದು ಕ್ರೀಡಾಂಗಣಕ್ಕೆ ಬೀಗ ಬಿದ್ದಾಗ ಮೃದುವಾಗಿದ್ದ ಮಿತಿ ಒಮ್ಮೆಗೇ ಕಲ್ಲಾಯಿತು. ಆ ಆಗಸ್ಟಿನಲ್ಲಿ ಬಾಯರ್ನ್ ಮ್ಯೂನಿಕ್ ಎದುರು 2-8ರ ಸೋಲು. ಈ ಬಾರಿ ಅವಿಶ್ವಾಸಕ್ಕೆ 20,000ಕ್ಕೂ ಹೆಚ್ಚು ಸಹಿಗಳು ಬಿದ್ದವು. ಅಕ್ಟೋಬರಿನಲ್ಲಿ ಬಾರ್ಟೊಮೆಯು ರಾಜೀನಾಮೆ ಕೊಟ್ಟರು. ಹೋಗುವ ಕೆಲವೇ ದಿನ ಮೊದಲು ನಾಲ್ವರು ಆಟಗಾರರ ಒಪ್ಪಂದಗಳನ್ನು ವಿಸ್ತರಿಸಿ, ಅಂದಿನ ಸಂಬಳದ ಒಂದು ಭಾಗವನ್ನು ಮುಂದಿನ ವರ್ಷಗಳಿಗೆ ತಳ್ಳಿ ಹೋದರು. 2021ರ ಮಾರ್ಚ್ 7ರಂದು ಸದಸ್ಯರು ಜೊವಾನ್ ಲಪೋರ್ಟಾ ಅವರನ್ನು ಅರ್ಧಕ್ಕಿಂತ ಹೆಚ್ಚು ಮತ ಕೊಟ್ಟು ಆರಿಸಿದರು. ಮೆಸ್ಸಿಯನ್ನು ಉಳಿಸಿಕೊಳ್ಳಲು ತಾವೇ ಸಮರ್ಥರು ಎಂಬುದು ಅವರ ಪ್ರಚಾರದ ಜೀವಾಳವಾಗಿತ್ತು.

ಐದೇ ತಿಂಗಳಲ್ಲಿ ಆ ಭರವಸೆ ಮುರಿದುಬಿತ್ತು. ಜೂನ್ 30ಕ್ಕೆ ಮೆಸ್ಸಿಯ ಒಪ್ಪಂದ ಮುಗಿದಿತ್ತು. ಅರ್ಧ ಸಂಬಳಕ್ಕೆ ಒಪ್ಪಿದ್ದೆ ಎಂದು ಆತನೇ ಹೇಳಿದ. ಆದರೂ ಆಗಲಿಲ್ಲ. ಸ್ಪೇನಿನ ಲೀಗ್ 2013ರಿಂದ ಪ್ರತಿ ಕ್ಲಬ್ಬಿನ ಆದಾಯ, ಸಾಲಗಳನ್ನು ಅಳೆದು ತಂಡದ ವೆಚ್ಚಕ್ಕೆ ಮಿತಿ ಹಾಕುತ್ತದೆ. ಮಿತಿ ಮೀರಿದರೆ ಆಟಗಾರನ ನೋಂದಣಿ ಇಲ್ಲ. ಆಗಸ್ಟ್ 16ರಂದು ಲಪೋರ್ಟಾ ಅಂಕಿ ಅಂಶ ಬಿಡುಗಡೆ ಮಾಡಿದರು: ಸಾಲ 135 ಕೋಟಿ ಯೂರೊ, ಸಂಬಳದ ವೆಚ್ಚ ಆದಾಯದ ಶೇ 103. ನೂರು ರೂಪಾಯಿ ಗಳಿಸಿ ನೂರಾ ಮೂರು ರೂಪಾಯಿ ಸಂಬಳ ಹಂಚುವ ಮನೆಯಲ್ಲಿ ಒಲೆ ಉರಿಯುವುದು ಹೇಗೆ?

ನಿಯಮವನ್ನು ಶಪಿಸಿದವರು ಬಹಳ. ನಾನು ಆ ಗುಂಪಿಗೆ ಸೇರಲಾರೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದ ರಾಜ್ಯಗಳಲ್ಲೇ ಮೊದಲು ತಂದದ್ದು ಕರ್ನಾಟಕ. ಅಂತಹ ಕಾಯ್ದೆ ಏಕೆ ಬೇಕಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡವನು ನಾನು. ನಮ್ಮ ಮುಂದೆ ಬರುತ್ತಿದ್ದ ಯಾವ ಪ್ರಸ್ತಾವವೂ ತನ್ನಷ್ಟಕ್ಕೆ ಕೆಟ್ಟದ್ದಾಗಿರಲಿಲ್ಲ. ಪ್ರತಿಯೊಂದರ ಕೊನೆಗೂ ‘ವಿಶೇಷ ಪ್ರಕರಣವೆಂದು ಪರಿಗಣಿಸಿ’, ‘ಇದೊಂದು ಬಾರಿಗೆ ಮಾತ್ರ’ ಎಂಬ ಸಾಲು ಇರುತ್ತಿತ್ತು. ಒಮ್ಮೆ ಒಂದು ಯೋಜನೆಗೆ ನಾನು ಎರಡು ಪುಟದ ಆಕ್ಷೇಪ ಬರೆದೆ. ಅದು ಜನಪ್ರಿಯ ಯೋಜನೆ. ಮೇಲಿನವರ ಮುಖ ಸಪ್ಪಗಾಯಿತು. ಮರುದಿನ ಅದೇ ಕಡತದಲ್ಲಿ ‘ಚರ್ಚಿಸಲಾಯಿತು, ಒಪ್ಪಿದೆ’ ಎಂದು ನಾನೇ ಸಹಿ ಹಾಕಿದೆ. ನಾಲ್ಕು ವರ್ಷಗಳ ಮೇಲೆ, ಸಂಬಂಧವೇ ಇಲ್ಲದ ಒಂದು ಆಸ್ಪತ್ರೆ ಕಟ್ಟಡಕ್ಕೆ ಹಣವಿಲ್ಲ ಎಂದು ಬರೆಯುವ ಸರದಿಯೂ ನನ್ನದೇ ಆಯಿತು. ಆ ಕಟ್ಟಡವನ್ನು ತಡೆದದ್ದು ನಿಯಮವಲ್ಲ, ನನ್ನ ಹಳೆಯ ಸಹಿ. ಬಾರ್ಸಿಲೋನಾದ ಕತೆಯನ್ನು ಓದುವಾಗ ನನಗೆ ನೆನಪಾಗುವುದು ಆ ಕಡತ.

ಅಭಿಮಾನಿಗಳ ಅಭಿಪ್ರಾಯಕ್ಕೆ ಇನ್ನೊಂದು ದೋಷವಿದೆ: ಒಪ್ಪಂದವೆಂಬುದು ಆಟಗಾರನನ್ನು ಮಾತ್ರ ಕಟ್ಟಿಹಾಕಬೇಕು ಎಂಬ ನಿರೀಕ್ಷೆ. ಒಪ್ಪಂದ ಮುಂದುವರಿಸಲು ಹಿಂಜರಿದ ಡೆಂಬೆಲೆಯನ್ನು 2022ರ ಆರಂಭದಲ್ಲಿ ಸ್ವಂತ ಅಂಗಳದಲ್ಲೇ ಸಿಳ್ಳೆ ಹಾಕಿ ಹೀಯಾಳಿಸಿದರು. ಆತ ಚೆನ್ನಾಗಿ ಆಡತೊಡಗಿದಾಗ ಅದೇ ಕೈಗಳು ಚಪ್ಪಾಳೆ ತಟ್ಟಿದವು. ಅದೇ ಆಗಸ್ಟಿನಲ್ಲಿ ಫ್ರೆಂಕಿ ಡಿ ಯೊಂಗ್ ಅಭ್ಯಾಸಕ್ಕೆ ಬರುವಾಗ ಕೆಲವರು ಕಾರಿನ ಬಳಿ ನಿಂತು ‘ಸಂಬಳ ಇಳಿಸಿಕೋ’ ಎಂದು ಕೂಗಿದರು. ಕ್ಲಬ್ಬಿನ ಕಷ್ಟಕಾಲದಲ್ಲಿ ತನ್ನ ಸಂಬಳವನ್ನು ಮುಂದೂಡಲು ಒಪ್ಪಿದ ಆ ನಾಲ್ವರಲ್ಲಿ ಈತನೂ ಒಬ್ಬ. ಬಾಕಿ ಕೇಳುವವನು ದ್ರೋಹಿಯಾಗುವುದು, ಬಾಕಿ ಉಳಿಸಿದವನು ನಾಯಕನಾಗುವುದು ಫುಟ್‌ಬಾಲಿನಲ್ಲಿ ಮಾತ್ರ ನಡೆಯುವ ವಿಚಿತ್ರವೇನಲ್ಲ. ಸಾಲದ ಕುರಿತು ಸರ್ವಜ್ಞ ಹೇಳಿದ್ದು ಗೊತ್ತಿಲ್ಲದ ಕನ್ನಡಿಗರುಂಟೆ?

ಪಾಠ ಕಲಿತರೇ ಎಂದರೆ, ಅರ್ಧ ಕಲಿತರು. 2022ರ ಬೇಸಿಗೆಯಲ್ಲಿ ಕ್ಲಬ್ ತನ್ನ ದೂರದರ್ಶನ ಪ್ರಸಾರದ ಆದಾಯದಲ್ಲಿ ಶೇ 25ರಷ್ಟನ್ನು ಮುಂದಿನ 25 ವರ್ಷಗಳ ಅವಧಿಗೆ ಹೂಡಿಕೆ ಸಂಸ್ಥೆಯೊಂದಕ್ಕೆ ಮಾರಿತು. ಸದಸ್ಯ ಪ್ರತಿನಿಧಿಗಳ ಸಭೆ ಇದಕ್ಕೆ ಅನುಮತಿ ಕೊಟ್ಟಿತ್ತು. ಆ ಹಣದ ಬಲದಿಂದ ಲೆವಾಂಡೊವ್‌ಸ್ಕಿ ಮುಂತಾದವರು ಬಂದರು, ಮರುವರ್ಷ ಲೀಗ್ ಪ್ರಶಸ್ತಿಯೂ ಬಂತು. 2025ರಲ್ಲಿ ಮತ್ತೊಮ್ಮೆ ಗೆದ್ದರು. ಗೆದ್ದಮೇಲೆ ಲೆಕ್ಕ ಕೇಳುವವನು ಅರಸಿಕ. ಆದರೆ ಆ ಎರಡನೆಯ ಗೆಲುವಿನ ಬೆನ್ನೆಲುಬಾದ ಲಮೀನ್ ಯಮಾಲ್, ಪಾವ್ ಕುಬಾರ್ಸಿ ದುಬಾರಿ ಖರೀದಿಗಳಲ್ಲ, ಕ್ಲಬ್ಬಿನ ಸ್ವಂತ ಶಾಲೆಯಲ್ಲಿ ಬೆಳೆದ ಹುಡುಗರು ಎಂಬುದನ್ನು ಮರೆಯಬಾರದು. ಇತ್ತ 2025ರ ಜನವರಿಯಲ್ಲಿ ದಾನಿ ಓಲ್ಮೊ ಎಂಬ ಆಟಗಾರನ ನೋಂದಣಿ ಅದೇ ವೆಚ್ಚಮಿತಿಯಿಂದಾಗಿ ರದ್ದಾಗಿ, ಸರ್ಕಾರಿ ಕ್ರೀಡಾ ಮಂಡಳಿಯ ತಾತ್ಕಾಲಿಕ ಆದೇಶದಿಂದ ಆತ ಆಡಬೇಕಾಯಿತು.

ಹಾಗಾದರೆ ಅಭಿಮಾನಿಗಳ ಕೈಗೆ ಕ್ಲಬ್ ಕೊಡುವುದೇ ತಪ್ಪೆ? ಖಂಡಿತ ಅಲ್ಲ. ಅಥ್ಲೆಟಿಕ್ ಕ್ಲಬ್ ಕೂಡ ಸದಸ್ಯರದೇ ಆಸ್ತಿ. ಬಾಸ್ಕ್ ಸೀಮೆಯಲ್ಲಿ ಹುಟ್ಟಿದವರು ಅಥವಾ ಅಲ್ಲಿ ಆಟ ಕಲಿತವರು ಮಾತ್ರ ತಂಡದಲ್ಲಿರಬೇಕು ಎಂಬ ಕಟ್ಟುಪಾಡನ್ನು ಅವರು ತಾವೇ ಹಾಕಿಕೊಂಡಿದ್ದಾರೆ. ಅದರ ಬೆಲೆಯನ್ನೂ ತೆತ್ತಿದ್ದಾರೆ: 1984ರ ನಂತರ ಸ್ಪೇನಿನ ರಾಜಕಪ್ ಮತ್ತೆ ಕೈಗೆ ಬಂದದ್ದು 2024ರಲ್ಲಿ. ಆ ನಲವತ್ತು ವರ್ಷಗಳಲ್ಲಿ ಕ್ಲಬ್ ಒಮ್ಮೆಯೂ ಮೊದಲ ದರ್ಜೆಯಿಂದ ಕೆಳಗಿಳಿಯಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅಲ್ಲಿ ಬಡತನವಲ್ಲ, ಹೆಮ್ಮೆ. ಎರಡೂ ಕಡೆ ಒಡೆತನ ಒಂದೇ ಬಗೆಯದು; ಒಡೆಯರು ಕೇಳುವ ಪ್ರಶ್ನೆ ಬೇರೆ.

ಸ್ಪೇನಿನ 1990ರ ಕಾನೂನಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಷರತ್ತಿತ್ತು. ಇಂತಹ ಕ್ಲಬ್ಬುಗಳಿಗೆ ಆಯ್ಕೆಯಾದ ಆಡಳಿತ ಮಂಡಳಿಯವರು ವಾರ್ಷಿಕ ಆಯವ್ಯಯದ ಶೇ 15ರಷ್ಟು ಮೊತ್ತಕ್ಕೆ ಸ್ವಂತ ಖಾತರಿ ಕೊಡಬೇಕಿತ್ತು. 2021ರಲ್ಲಿ ಲಪೋರ್ಟಾ ತಂಡ ಅಧಿಕಾರ ವಹಿಸಿಕೊಳ್ಳುವ ಮುನ್ನ 12 ಕೋಟಿ ಯೂರೊಗೂ ಹೆಚ್ಚಿನ ಖಾತರಿಗಾಗಿ ಓಡಾಡಿತು. 2022ರ ಹೊಸ ಕಾನೂನು ಆ ಷರತ್ತನ್ನು ಕೈಬಿಟ್ಟಿದೆ. ಶ್ರೀಮಂತರಷ್ಟೇ ಚುನಾವಣೆಗೆ ನಿಲ್ಲುವಂತಾಗಬಾರದು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಖಾತರಿ ಹೋದಮೇಲೆ ಕಾವಲು ಉಳಿಯುವುದು ಸದಸ್ಯನ ಕೈಯಲ್ಲಿ ಮಾತ್ರ.

ಅಭಿಮಾನಿಗೆ ಒಂದು ವಿಶೇಷ ಸ್ಥಾನವಿದೆ. ಆಟಗಾರನ ಒಪ್ಪಂದಕ್ಕೆ ಕೊನೆಯ ದಿನವಿದೆ, ಅಧ್ಯಕ್ಷನಿಗೆ ಅವಧಿಯಿದೆ, ಹೂಡಿಕೆದಾರನಿಗೆ ಹೊರಹೋಗುವ ಬಾಗಿಲಿದೆ. ಗಡುವಿಲ್ಲದೆ ಉಳಿಯುವವನು ಅಭಿಮಾನಿಯೊಬ್ಬನೇ. ಆದ್ದರಿಂದಲೇ ದೂರದ ಲೆಕ್ಕ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು ಅವನಿಗಿದೆ. ‘ಯಾರನ್ನು ತರುತ್ತೀರಿ?’ ಎಂದು ಕೇಳುವ ಬಾಯಿ ‘ಯಾವ ವರ್ಷದ ಹಣದಿಂದ ತರುತ್ತೀರಿ?’ ಎಂದೂ ಕೇಳಬೇಕು. ಕ್ಲಬ್ಬಿಗಾಗಲಿ ರಾಜ್ಯಕ್ಕಾಗಲಿ ಈ ಎರಡನೆಯ ಪ್ರಶ್ನೆ ಬೇಸರದ ಪ್ರಶ್ನೆ ಎನ್ನಿಸುತ್ತದೆ. ಅದನ್ನು ಕೇಳದೆ ಬಿಟ್ಟರೆ ಬರುವ ಉತ್ತರ ಮಾತ್ರ ಬೇಸರದ್ದಲ್ಲ, ಕಣ್ಣೀರಿನದು.

ಮೊಮ್ಮಗ ಈಗ ನನ್ನ ಭುಜದೆತ್ತರ ಬೆಳೆದಿದ್ದಾನೆ. ಅಂಗಿ ಚಿಕ್ಕದಾಗಿದೆ, ಕ್ಲಬ್ ಬದಲಾಗಿಲ್ಲ. ಅಂದಿನ ಉತ್ತರವನ್ನು ಮೊನ್ನೆ ತಿದ್ದಿ ಹೇಳಿದೆ: ಮೆಸ್ಸಿಯನ್ನು ಕಳುಹಿಸಿದ್ದು ನಿಯಮವಲ್ಲ, ನಾಲ್ಕು ವರ್ಷ ಮೊದಲಿನಿಂದ ಒಂದೊಂದೇ ಸಹಿಗೆ ಬಿದ್ದ ಚಪ್ಪಾಳೆ. ಅವನು ಸ್ವಲ್ಪ ಯೋಚಿಸಿ, ‘ಹಾಗಾದ್ರೆ ನಾನೂ ತಟ್ಟಿದ್ದೆನಲ್ಲ ತಾತಾ’ ಎಂದ. ನಾನೂ ತಟ್ಟಿದ್ದೆ ಎಂದು ಒಪ್ಪಿಕೊಂಡೆ.